ಕೂಗಿದವರು ಪ್ರೇಕ್ಷಕರಲ್ಲ

ಮಾನ್ಯ ಸಂಪಾದಕರೆ,

ಭಾನುವಾರ ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ನಡೆದ ಗಲಾಟೆಯ ವರದಿಗೆ ತಾವು ಸೋಮವಾರದ ಸ್ಥಳೀಯ ಪುಟದಲ್ಲಿ ‘ಪ್ರೇಕ್ಷಕರ ಆಕ್ರೋಶ: ಪ್ರದರ್ಶನ ಸ್ಥಗಿತ’ ಎಂಬ ತಲೆಬರಹ ಕೊಟ್ಟಿದ್ದೀರಿ. ಆ ಪ್ರದರ್ಶನಕ್ಕೆ ದುಡ್ಡು ಕೊಟ್ಟು, ನನ್ನ ಅಕ್ಕನೊಡನೆ ಒಳಗೆ ಕುಳಿತಿದ್ದವನು ನಾನು. ಒಳಗಿದ್ದ ನಮ್ಮಲ್ಲಿ ಒಬ್ಬರೂ ಚಿತ್ರ ನಿಲ್ಲಿಸಿರೆಂದು ಕೇಳಿರಲಿಲ್ಲ. ಕೂಗಾಡಿದವರು ಹೊರಗೆ ರಸ್ತೆಯ ಮೇಲಿದ್ದರು. ಚಿತ್ರದ ಒಂದು ದೃಶ್ಯವನ್ನಾದರೂ ನೋಡಿ ಬಂದಿದ್ದೇವೆಂದು ಅವರಲ್ಲಿ ಯಾರೂ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅವರನ್ನು ಪ್ರೇಕ್ಷಕರೆಂದು ಕರೆದು, ನಿಜವಾದ ಪ್ರೇಕ್ಷಕರನ್ನು ವರದಿಯಲ್ಲಿ ಒಂದು ಸಾಲಿಗೂ ಲೆಕ್ಕಕ್ಕೆ ಹಿಡಿಯದಿರುವುದು ನನಗೆ ಬಹಳ ನೋವುಂಟುಮಾಡಿದೆ.

ನನ್ನ ಅಕ್ಕನಿಗೆ ಈಗ 71 ವರ್ಷ. ಲಕ್ವಾ ಹೊಡೆದು ಮಾತು ಬಿದ್ದುಹೋಗಿದ್ದ ಭಾವನವರನ್ನು 3 ವರ್ಷ ಮನೆಯಲ್ಲಿ ಕೂಸಿನಂತೆ ನೋಡಿಕೊಂಡು, ಕೊನೆಯ 19 ದಿನಗಳನ್ನು ಆಸ್ಪತ್ರೆಯ ಐಸಿಯು ಬಾಗಿಲ ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕಳೆದವಳು ಅವಳು. ವೆಂಟಿಲೇಟರ್ ಮುಂದುವರಿಸುವುದೋ ಬೇಡವೋ ಎಂದು ವೈದ್ಯರು ಕೇಳಿದಾಗ ಮುಂದುವರಿಸಿರಿ ಎಂದು ಹೇಳಿದ್ದಳು. ತಾನು ಅಂದು ಹೇಳಿದ್ದು ಸರಿಯೋ, ಅವರಿಗೆ ಇನ್ನಷ್ಟು ಸಂಕಟ ಕೊಟ್ಟೆನೋ ಎಂಬ ಪ್ರಶ್ನೆ ಅವಳನ್ನು ಇಂದಿಗೂ ಬಿಟ್ಟಿಲ್ಲ. ಹಾಸಿಗೆ ಹಿಡಿದ ತಾಯಿಯ ವಿಷಯದಲ್ಲಿ ಅಂಥದೇ ತೀರ್ಮಾನಕ್ಕೆ ನಿಲ್ಲಬೇಕಾದ ಮಗನ ಕಥೆಯೊಂದು ಸಿನೆಮಾ ಆಗಿ ಬಂದಿದೆಯೆಂದು ನೆರೆಮನೆಯವರಿಂದ ಕೇಳಿ, ಎಷ್ಟೋ ವರ್ಷಗಳಿಂದ ಚಿತ್ರಮಂದಿರದ ಮೆಟ್ಟಿಲು ಹತ್ತದವಳು ತಾನಾಗಿಯೇ, “ತಮ್ಮಾ, ಅದೊಂದ್ ಸಿನೆಮಾಕ್ಕ ನನ್ನ ಕರಕೊಂಡು ಹೋಗು” ಎಂದಳು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಮೇಲ್ಸೇತುವೆಯ ಕಾಮಗಾರಿಯಿಂದ ಇಕ್ಕಟ್ಟಾದ ಚನ್ನಮ್ಮ ವೃತ್ತವನ್ನು ಅವಳ ಕೈಹಿಡಿದು ದಾಟಿಸಿ, ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ.

ಪ್ರೇಕ್ಷಕರ ಪ್ರತಿಕ್ರಿಯೆ ಏನಿತ್ತೆಂಬುದು ತಮ್ಮ ವರದಿಗಾರರಿಗೆ ನಿಜವಾಗಿಯೂ ಬೇಕಾಗಿದ್ದರೆ ಅದನ್ನು ನಾನೇ ಹೇಳುತ್ತೇನೆ. ಚಿತ್ರ ಎಲ್ಲರಿಗೂ ಹಿಡಿಸಿತ್ತೆಂದು ನಾನು ಹೇಳುವುದಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಮಗ ಆಸ್ಪತ್ರೆಯ ಬಿಲ್ಲನ್ನು ಮಡಚಿ ಕಿಸೆಗಿಟ್ಟುಕೊಳ್ಳುವ ದೃಶ್ಯದಲ್ಲಿ, “ಹಡೆದ ತಾಯಿಗೆ ಲೆಕ್ಕಾ ಹಾಕ್ತಿಯೇನಲೇ” ಎಂದು ಪರದೆಯ ಕಡೆಗೇ ಬೈದರು. ಇಬ್ಬರು ಹೆಣ್ಣುಮಕ್ಕಳು ನೋಡಲಾರದೆ ಅರ್ಧಕ್ಕೇ ಎದ್ದು ಹೋದರು. ಮಧ್ಯಂತರದಲ್ಲಿ ಚಹಾದ ಕೌಂಟರಿನ ಬಳಿ ಒಬ್ಬರಿಗೊಬ್ಬರು ಗುರುತಿಲ್ಲದ ಐದಾರು ಜನ ವಾದಕ್ಕೆ ಬಿದ್ದಿದ್ದರು. ಮಗನದೇ ತಪ್ಪೆಂದು ಒಬ್ಬರು ಹೇಳಿದರೆ, ಒಮ್ಮೆಯೂ ಊರಿಗೆ ಬಾರದೆ ಫೋನಿನಲ್ಲೇ ಅಳುವ ಮಗಳದು ಅದಕ್ಕಿಂತ ದೊಡ್ಡ ತಪ್ಪೆಂದು ಇನ್ನೊಬ್ಬರು ಹೇಳುತ್ತಿದ್ದರು. ದವಾಖಾನೆಯಲ್ಲಿ ಕೆಲಸ ಮಾಡುವೆನೆಂದ ನರ್ಸಮ್ಮನೊಬ್ಬರು ವೆಂಟಿಲೇಟರ್ ತೋರಿಸಿದ ರೀತಿಯಲ್ಲೇ ಎರಡು ತಪ್ಪುಗಳಿವೆಯೆಂದು ಬಿಡಿಸಿ ಹೇಳಿದರು. ಒಬ್ಬರ ದನಿಯೂ ಏರಲಿಲ್ಲ. ನನ್ನ ಅಕ್ಕ ಮಾತಾಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. ಚಹಾ ಕೊಟ್ಟಾಗ ಮಾತ್ರ, “ನಮ್ಮವರೂ ಹೀಂಗ ನೋಡ್ತಿದ್ರು” ಎಂದಳು. ಭಾವನವರು ಹೋದ ಮೇಲೆ ಆ 19 ದಿನಗಳ ಬಗ್ಗೆ ಅವಳು ನನ್ನೆದುರು ಬಾಯಿಬಿಟ್ಟದ್ದು ಅದೇ ಮೊದಲು.

ಚಿತ್ರ ಮುಗಿಯಲು ಇನ್ನೂ ಅರ್ಧ ಗಂಟೆಗೂ ಮಿಕ್ಕಿ ಇತ್ತು. ವೈದ್ಯರ ಮೇಜಿನ ಮೇಲೆ ಒಪ್ಪಿಗೆಯ ಕಾಗದವಿದೆ, ಮಗನ ಕೈಗೆ ಪೆನ್ನು ಬಂದಿದೆ, ಅಷ್ಟರಲ್ಲಿ ಪರದೆ ಕಪ್ಪಾಗಿ ದೀಪಗಳು ಹತ್ತಿಕೊಂಡವು. ಕಣ್ಣೊರೆಸಲು ತೆಗೆದಿದ್ದ ಕನ್ನಡಕ ಅಕ್ಕನ ಕೈಯಲ್ಲೇ ಇತ್ತು. “ಏಳ್ರಿ ಅಮ್ಮಾರ, ಶೋ ಬಂದ್ ಆಗೇತ್ರಿ” ಎಂದು ಗೇಟಿನ ಹುಡುಗ ಬ್ಯಾಟರಿ ಬೆಳಕನ್ನು ನೇರವಾಗಿ ಅವಳ ಮುಖಕ್ಕೇ ಬಿಟ್ಟನು. ಮುಂಬಾಗಿಲಲ್ಲಿ ಗಲಾಟೆಯೆಂದು ನಮ್ಮೆಲ್ಲರನ್ನೂ ಹಿಂದಿನ ಕಬ್ಬಿಣದ ಮೆಟ್ಟಿಲುಗಳ ಮೇಲೆ ಇಳಿಸಿದರು. ಮೊಣಕಾಲು ನೋವಿನ ಅಕ್ಕ ಒಂದೊಂದೇ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಜನ ನೂಕುತ್ತಿದ್ದರು. ಟಿಕೆಟಿನ ಹಣ ಕೇಳಿದರೆ ಮ್ಯಾನೇಜರನ್ನು ಕೇಳಿರೆಂದರು; ಮ್ಯಾನೇಜರರ ಕೋಣೆಗೆ ಬೀಗ ಬಿದ್ದಿತ್ತು. ರಸ್ತೆ ಬಂದಾಗಿದ್ದರಿಂದ ಆಟೊದವರು ಬಾಯಿಗೆ ಬಂದ ಬಾಡಿಗೆ ಹೇಳಿದರು. ಬಸ್ಸು ಹಿಡಿದು ಮನೆ ಮುಟ್ಟುವ ಹೊತ್ತಿಗೆ ಅಕ್ಕ ಗುಳಿಗೆ ತೆಗೆದುಕೊಳ್ಳುವ ವೇಳೆ ಮೀರಿತ್ತು.

ತಾಯಿ-ತಂದೆಯನ್ನು ಕೊಲ್ಲಲು ಈ ಚಿತ್ರ ಕಲಿಸುತ್ತದೆ ಎಂಬುದು ಹೊರಗಿನವರ ಘೋಷಣೆಯಾಗಿತ್ತು. ಇದನ್ನು ಕೂಗುವ ಮೊದಲು ಅವರು ಕಾನೂನು ಏನು ಹೇಳುತ್ತದೆಂದು ಯಾರನ್ನಾದರೂ ಕೇಳಬೇಕಿತ್ತು. ನಮ್ಮ ಉತ್ತರ ಕನ್ನಡದ ಹಳದೀಪುರದ ಮಗಳಾದ ಅರುಣಾ ಶಾನಭಾಗರು ಮುಂಬೈಯ ಆಸ್ಪತ್ರೆಯೊಂದರಲ್ಲಿ ನಾಲ್ಕು ದಶಕ ಪ್ರಜ್ಞೆಯಿಲ್ಲದಂತೆ ಮಲಗಿದ್ದ ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿದೆ. 2018ರ ತೀರ್ಪು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿದೆ. ಸೂಜಿ ಚುಚ್ಚಿ ಸಾಯಿಸುವುದು ಇಂದಿಗೂ ಅಪರಾಧವೇ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಯಂತ್ರದ ಆಸರೆಯನ್ನು ಹಿಂತೆಗೆಯಬೇಕಾದರೆ, 2023ರಲ್ಲಿ ಸರಳಗೊಳಿಸಿದ ನಿಯಮದಂತೆಯೂ, ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಮ್ಮ ರಾಜ್ಯ ಸರ್ಕಾರವೇ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ. ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಆಡುವ ಮಾತನ್ನು ಚಿತ್ರವೊಂದು ಎಲ್ಲರೆದುರು ಆಡಿತು. ಅದು ಒಪ್ಪಿಗೆಯಾಗದವರು ನೋಡಿ ಬಂದು ಹತ್ತು ಪುಟ ವಿರೋಧ ಬರೆಯಲಿ, ನಾನೂ ಓದುತ್ತೇನೆ.

ಇನ್ನು ಅಧಿಕಾರಿಗಳ ಮಾತು. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದು ತೆರೆಗೆ ಬಂದ ಚಿತ್ರವಿದು. ಪ್ರತಿಭಟನೆಯ ಬೆದರಿಕೆಗೆ ಅಂಜಿ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಅದನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟು 1989ರಲ್ಲೇ ತಮಿಳು ಚಿತ್ರವೊಂದರ ಪ್ರಕರಣದಲ್ಲಿ ಹೇಳಿದೆ. ಆದರೆ ಭಾನುವಾರ ಬಂದೋಬಸ್ತಿಗೆ ಬಂದ ಅಧಿಕಾರಿಗಳು ಕೂಗುತ್ತಿದ್ದ ಮೂವತ್ತು-ನಲವತ್ತು ಜನರನ್ನು ರಸ್ತೆಯಲ್ಲೇ ಬಿಟ್ಟು, ಸುಮ್ಮನೆ ಕುಳಿತಿದ್ದ ನಮ್ಮನ್ನು ಎಬ್ಬಿಸಿದರು. ಕಾರಣ ಕೇಳಿದ ನನಗೆ ಸಿಕ್ಕ ಉತ್ತರ, “ಮ್ಯಾಲಿಂದ ಹೇಳ್ಯಾರ್ರಿ, ನಡೀರಿ.” ಈ ‘ಮ್ಯಾಲಿನವರು’ ಯಾರೆಂದು ನನಗೆ ಈ ವಯಸ್ಸಿನವರೆಗೂ ತಿಳಿದಿಲ್ಲ. ಹಲವು ವರ್ಷಗಳ ಹಿಂದೆ ಧಾರವಾಡದಲ್ಲಿ ನಾವು ಗೆಳೆಯರು ಕೂಡಿ ಆಡಬೇಕಿದ್ದ ನಾಟಕಕ್ಕೂ, ಬಣ್ಣ ಹಚ್ಚಿಕೊಂಡು ಕುಳಿತ ಮೇಲೆ, ಪರವಾನಗಿ ರದ್ದಾಗಿದೆಯೆಂದು ಇದೇ ಮಾತು ಹೇಳಿದ್ದರು. ಕಟ್ಟಿದ್ದ ಠೇವಣಿಯನ್ನು ಮರಳಿ ಪಡೆಯಲು ನಾನು ಆ ಕಚೇರಿಗೆ ಆರು ತಿಂಗಳು ಅಲೆದಿದ್ದೇನೆ. ಅರ್ಜಿ ಕಳೆದಿದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಗುಮಾಸ್ತರು ರಜೆಯಲ್ಲಿದ್ದಾರೆ, ಇವು ಅಲ್ಲಿ ದಿನವೂ ಕೇಳಿದ ಮಾತುಗಳು. ಬರವಣಿಗೆಯಲ್ಲಿ ಆದೇಶ ಕೊಡಿರೆಂದರೆ ಇಂದಿಗೂ ಯಾರ ಕೈಯೂ ಕಾಗದದ ಕಡೆಗೆ ಹೋಗುವುದಿಲ್ಲ.

ನಮ್ಮ ಸೀಮೆಯ ಪ್ರೇಕ್ಷಕರಿಗೆ ಕಹಿಯಾದ ಕಥೆಯನ್ನು ನೋಡುವ ಗುಂಡಿಗೆ ಇಲ್ಲವೆಂದು ಈ ಅಧಿಕಾರಿಗಳಿಗೆ ಯಾರು ಹೇಳಿದರು? ಹೆಣವೊಂದನ್ನು ಅಗ್ರಹಾರದ ನಡುವೆ ಇಟ್ಟುಕೊಂಡು ಕಥೆ ಹೇಳಿದ ‘ಸಂಸ್ಕಾರ’ಕ್ಕೂ ಸೆನ್ಸಾರಿನವರು ಮೊದಲು ತಡೆಯೊಡ್ಡಿದ್ದರು, ಆಮೇಲೆ ಅದೇ ಚಿತ್ರ 1970ರ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಅದರ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರು ನಮ್ಮ ಧಾರವಾಡದವರೇ. ಅದನ್ನು ನೋಡಿ ಬಂದ ನಮ್ಮ ತಂದೆಯವರು ಮತ್ತು ಸೋದರಮಾವ ಮಾಳಮಡ್ಡಿಯ ಮನೆಯ ಕಟ್ಟೆಯ ಮೇಲೆ ರಾತ್ರಿಯ ಊಟ ಆರುವವರೆಗೆ ವಾದಿಸಿದ್ದು, ಮಾವ ಸಿಟ್ಟಾಗಿ ಉಣ್ಣದೇ ಹೋದದ್ದು, ಮರುದಿನ ತಾವೇ ಬಂದು ವಾದ ಮುಂದುವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರಿಬ್ಬರೂ ಆ ಚಿತ್ರವನ್ನು ಕೊನೆಯವರೆಗೆ ನೋಡಿದ್ದರು.

ಆದ್ದರಿಂದ ಅರ್ಧಕ್ಕೆ ನಿಂತ ಪ್ರದರ್ಶನದ ಹಣವನ್ನು ಎಲ್ಲರಿಗೂ ಮರಳಿಸಬೇಕು. ಹಣ ಬೇಡ, ಅದೇ ಟಿಕೆಟಿನ ಮೇಲೆ ಚಿತ್ರವನ್ನು ಮತ್ತೊಮ್ಮೆ ಪೂರ್ತಿಯಾಗಿ ತೋರಿಸಿದರೂ ಆಗುತ್ತದೆ. ನಿಲ್ಲಿಸಲು ಹೇಳಿದವರು ತಮ್ಮ ಹೆಸರು ಮತ್ತು ಹುದ್ದೆಯನ್ನು ಸಾರ್ವಜನಿಕರಿಗೆ ತಿಳಿಸಬೇಕು. ಕೂಗಾಡಿದವರು ಮೊದಲು ಟಿಕೆಟ್ ಕೊಳ್ಳಲಿ. ತಾವೂ ನಾಳಿನ ಸಂಚಿಕೆಯಲ್ಲಿ ಆ ತಲೆಬರಹವನ್ನು ತಿದ್ದಿ ಪ್ರಕಟಿಸಬೇಕು. ಭಾನುವಾರ ರಾತ್ರಿಯಿಂದ ನನ್ನ ಅಕ್ಕ, “ಕಡೀಗೆ ಆ ಹುಡುಗ ಸಹಿ ಮಾಡಿದ್ನೋ ಇಲ್ಲೋ ತಮ್ಮಾ?” ಎಂದು ಮೂರು ಸಲ ಕೇಳಿದ್ದಾಳೆ, ಮತ್ತು ನನ್ನ ಬಳಿ ಉತ್ತರವಿಲ್ಲ.

ತಮ್ಮ ವಿಶ್ವಾಸಿ,
ಪ್ರೇಕ್ಷಕನೊಬ್ಬ, ಮಾಳಮಡ್ಡಿ, ಧಾರವಾಡ