ಫ್ರಾಕಿನ ಬಣ್ಣ

ಶಿರಸಿ
ಭಾನುವಾರ ರಾತ್ರಿ

ಕೂಸೇ,

ನೀನು ತಲುಪಿದ್ದು ಆಯಿಗೆ ಬಂದ ಮೆಸೇಜಿನಿಂದ ಗೊತ್ತಾಯಿತು. ನನಗೆ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದರೂ ಮಧ್ಯಾಹ್ನದವರೆಗೆ ಫೋನನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದರೆ ನೀನು ಅರ್ಧಕ್ಕೆ ಬಿಡುತ್ತೀಯ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಅನ್ನ ತಿಂದವನು ನಾನು. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ಸಹಿ ಮಾಡಿ ತಗೋ.

ಶುಕ್ರವಾರ ರಾತ್ರಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಆ ಮಲಯಾಳಿ ಸಿನಿಮಾದ ನಡುವೆ ನಾನು ಕಷಾಯ ಕೇಳಿದ್ದು ತಪ್ಪು. ತೆರೆಯ ಮೇಲೆ ಆ ಹುಡುಗಿ ಗಂಡನಿಗೂ ಮಾವನಿಗೂ ಬಡಿಸಿ, ಎಂಜಲು ಬಳಿದು, ಮತ್ತೆ ಸಿಂಕಿನ ಮುಂದೆ ನಿಂತ ಹೊತ್ತಿಗೇ ಕೇಳಿದ್ದು ಇನ್ನೂ ತಪ್ಪು. ಒಪ್ಪಿದೆ.

ಆದರೆ ಒಂದು ಮಾತು. 'ಬಂಗಾರದ ಮನುಷ್ಯ' ನೋಡಿದ ದಿನ ನೀನೇನು ಅಂದೆ? ಅಕ್ಕನ ಮಗ ಒಂದು ಮಾತು ಆಡಿದ ಅಂತ ರಾಜೀವ ಬಾಯಿಬಿಡದೆ ಮನೆ ಬಿಟ್ಟು ಹೋಗುವುದು ಮಂಕುತನ, ಕೂತು ಮಾತಾಡಿದ್ದರೆ ಮುಗಿಯುತ್ತಿತ್ತು ಅಂದೆ. 1972ರಲ್ಲಿ ಜನ ಆ ಸೀನಿಗೆ ಕಣ್ಣೀರು ಹಾಕಿದ್ದಾರೆ, ನೀನು ಹಾಗೆ ಅಂದಾಗ ನನಗೆ ಸಿಟ್ಟೇ ಬಂದಿತ್ತು. ಈಗ ನೋಡು. ರಾತ್ರಿ ಬಸ್ಸಿಗೆ ಟಿಕೆಟ್ ಇದ್ದವಳು ಬೆಳಗಿನ ಬಸ್ಸಿಗೇ ಹೊರಟೆ. ದೋಸೆ ತಟ್ಟೆಯಲ್ಲೇ ಉಳಿಯಿತು. ರಾಜೀವನನ್ನು ಬೈದವಳು ನೀನೇ ಅಲ್ವಾ?

ಇರಲಿ. ಜಗಳಕ್ಕೆ ಬರೆಯುತ್ತಿಲ್ಲ.

ಹದಿನೈದು ದಿನ ರಾತ್ರಿ ಊಟ ಮುಗಿಸಿ ಮೂವರೂ ಟಿವಿ ಮುಂದೆ ಕೂತದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಹೇಳಬೇಕಿತ್ತು. ಟಿವಿ ನಿನ್ನ ದುಡ್ಡಿನದು ಅಂತ ಬಂದವರಿಗೆಲ್ಲ ಹೇಳುತ್ತೇನೆ. 43 ಇಂಚು ಅಂತಲೂ ಹೇಳುತ್ತೇನೆ, ಯಾರೂ ಕೇಳದಿದ್ದರೂ. 'ತಿಥಿ' ನನಗೆ ಹಿಡಿಸುತ್ತದೆ ಅಂತ ನೀನು ಅಂದುಕೊಂಡಿರಲಿಲ್ಲ. ಮಂಡ್ಯ ಕಡೆಯ ಹಳ್ಳಿಯವರೇ ಪಾತ್ರ ಮಾಡಿದ್ದಾರೆ, ಒಬ್ಬನೂ ನಟ ಅಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತು, ಹನ್ನೊಂದನೇ ದಿನದ ತಿಥಿಯ ಗಡಿಬಿಡಿಯಲ್ಲಿ ಮೊಮ್ಮಗ ಜಮೀನು ಮಾರಲು ಒದ್ದಾಡುತ್ತಿದ್ದರೆ, ಮಗ ಗಡ್ಡಪ್ಪ ಇದ್ಯಾವುದೂ ತನ್ನದಲ್ಲ ಅಂತ ನಡೆಯುತ್ತಲೇ ಇರುತ್ತಾನೆ. ಆ ನಡಿಗೆಗೆ ನಾನು ಬಿದ್ದು ಬಿದ್ದು ನಕ್ಕೆ. ಆಯಿ ನಗಲಿಲ್ಲ. "ಅವನಿಗೆ ಊಟ ಹಾಕೋರು ಯಾರು?" ಅಂದಳು. ನನ್ನ ನಗುವಿನಲ್ಲಿ ಅದು ಕೇಳಿಯೂ ಕೇಳದಂತೆ ಹೋಯಿತು.

'ನಾಗರಹಾವು' ವಿಷಯ ಬೇಡ. ಚಾಮಯ್ಯ ಮೇಷ್ಟ್ರೇ ರಾಮಾಚಾರಿಯ ಬದುಕು ಕೆಡಿಸಿದ್ದು ಅನ್ನುತ್ತೀಯಲ್ಲ, ಅಶ್ವತ್ಥರ ಮುಖ ನೋಡಿಕೊಂಡು ಹಾಗನ್ನಲು ಮನಸ್ಸಾದರೂ ಹೇಗೆ ಬಂತು? ಆಮೇಲೆ ಅಲಮೇಲುವಿಗೆ ಆದದ್ದು ನೆನೆಸಿದರೆ ನಿನ್ನ ಮಾತಿನಲ್ಲೂ ಸ್ವಲ್ಪ ಇದೆ. ಸ್ವಲ್ಪ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅನಂತನಾಗ್ ಸಿನಿಮಾ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. 2016ರದ್ದು ಅಂತ ನೀನು ಹೇಳಿದೆ, ಇಷ್ಟು ವರ್ಷ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ. ಮರೆವಿನ ಕಾಯಿಲೆಯ ವೆಂಕೋಬರಾವ್ ಕಳೆದುಹೋಗುತ್ತಾನೆ, ಮುಂಬೈಯಲ್ಲಿ ಕೆಲಸ ಮಾಡುವ ಮಗ ಹುಡುಕುತ್ತಾನೆ. ಹುಡುಕುತ್ತ ಹೋದ ಹಾಗೆ, ಅಪ್ಪನ ವಿಷಯ ತನಗಿಂತ ಬೇರೆಯವರಿಗೇ ಜಾಸ್ತಿ ಗೊತ್ತಿದೆ ಅಂತ ಅವನಿಗೆ ತಿಳಿಯುತ್ತದೆ. ಅವತ್ತು ನಾನು ಬೇಗ ಎದ್ದು ಮಲಗಲು ಹೋದೆ. ನೀನು "ಅಪ್ಪಂಗೆ ಭಯ ಆತು" ಅಂತ ನಕ್ಕೆ. ಹೌದು, ಭಯವೇ. ಆದರೆ ನೀನು ಅಂದುಕೊಂಡ ಭಯ ಅಲ್ಲ. (ಅದೂ ಇದೆ. ಹೋದ ತಿಂಗಳು ಸೊಸೈಟಿಗೆ ಸ್ಕೂಟರಿನಲ್ಲಿ ಹೋದವನು ನಡೆದುಕೊಂಡು ವಾಪಸ್ ಬಂದೆ. ಮನೆ ಗೇಟು ತೆಗೆಯುವಾಗ ನೆನಪಾಯಿತು. ಆಯಿಗೆ ಹೇಳಿಲ್ಲ, ನೀನೂ ಹೇಳಬೇಡ.)

ಮಾರಿಕಾಂಬಾ ಜಾತ್ರೆಯಲ್ಲಿ ನೀನು ಕಳೆದುಹೋಗಿದ್ದೆಯಲ್ಲ. ಆ ಕಥೆ ನಿನಗೆ ಗೊತ್ತಿದೆ, ಬಳೆ ಅಂಗಡಿಯಲ್ಲಿ ಸಿಕ್ಕಿದ್ದು, ಎರಡೂ ಕೈ ತುಂಬ ಬಳೆ ಹಾಕಿಕೊಂಡು ಕೂತದ್ದು. ಅದೇ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಹೇಳದ್ದು ಒಂದಿದೆ.

ಬಿಡಕಿಬೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಪರಿಚಯದವರು ಸಿಕ್ಕರು, ಕೈ ಬಿಟ್ಟೆ, ತಿರುಗಿದರೆ ನೀನಿಲ್ಲ. ಪೊಲೀಸರ ಮೈಕಿನ ಹತ್ತಿರ ಓಡಿದೆ. ಪೊಲೀಸಪ್ಪ ಪುಸ್ತಕ ತೆಗೆದು ಕೇಳಿದ, ಹೆಸರು ಹೇಳಿ, ವಯಸ್ಸು ಹೇಳಿ. ಹೇಳಿದೆ. ನೋಡಲು ಹೇಗಿದ್ದಾಳೆ? ನನ್ನ ಬಾಯಿಗೆ ಬಂದದ್ದು ಏನು ಗೊತ್ತಾ? "ಗೋಧಿ ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು." ದೂರದರ್ಶನದಲ್ಲಿ ಕಾಣೆಯಾದವರ ಪ್ರಕಟಣೆ ಕೇಳಿ ಕೇಳಿ ಬಂದ ಬಾಯಿಪಾಠ. ಪೊಲೀಸಪ್ಪ ಪೆನ್ನು ನಿಲ್ಲಿಸಿ, "ಐದು ವರ್ಷದ ಮಗುವಿಗೆ ಎಂಥ ಮೈಕಟ್ಟು ಮಾರಾಯ್ರೆ, ಯಾವ ಬಣ್ಣದ ಬಟ್ಟೆ ಹೇಳಿ" ಅಂದ.

ನನಗೆ ಗೊತ್ತಿರಲಿಲ್ಲ.

ಮನೆಯಿಂದ ನಿನ್ನ ಕೈ ಹಿಡಿದುಕೊಂಡೇ ಬಂದವನು. ಹೆಗಲ ಮೇಲೆ ಕೂರಿಸಿಕೊಂಡು ಅಮ್ಮನವರ ದರ್ಶನ ಮಾಡಿಸಿದವನು. ಕಣ್ಣು ಮುಚ್ಚಿದೆ, ಏನೂ ಕಾಣಲಿಲ್ಲ. ಕೆಂಪು ಫ್ರಾಕು ಅಂದುಬಿಟ್ಟೆ. ಅವರು ಮೂರು ಸಲ ಕೂಗಿದರು. ಕೆಂಪು ಫ್ರಾಕು ಹಾಕಿದ ಹುಡುಗಿ, ಕೆಂಪು ಫ್ರಾಕು. ನೀನು ಹತ್ತು ಮಾರು ಆಚೆ ಇದ್ದೆ. ಬಳೆ ಅಂಗಡಿಯ ಹೆಂಗಸು ಆಮೇಲೆ ಹೇಳಿದಳು, "ಕೂಗಿದ್ದು ಕೇಳ್ತು, ಆದ್ರೆ ಈ ಮಗು ಹಸಿರು ಹಾಕ್ಕೊಂಡದೆ ಅಂತ ಸುಮ್ನಾದೆ" ಅಂತ. ಗಿಳಿಹಸಿರು. ಆಯಿಯೇ ಹೊಲಿದದ್ದು, ಕತ್ತಿನ ಸುತ್ತ ಬಿಳಿ ಲೇಸು. ಆ ಅರ್ಧ ಗಂಟೆ ನೀನು ಸಿಗದೆ ಹೋದದ್ದು ಜಾತ್ರೆಯ ಗದ್ದಲದಿಂದ ಅಲ್ಲ.

ಇದನ್ನು ಆಯಿಗೂ ಹೇಳಿರಲಿಲ್ಲ. ಈಗಲೂ ಜಾತ್ರೆಯ ವರ್ಷ ಮೈಕಿನಲ್ಲಿ ಯಾವ ಮಗುವಿನ ಹೆಸರು ಕೂಗಿದರೂ ನಾನು ಬಣ್ಣ ಕೇಳಿಸಿಕೊಳ್ಳುತ್ತೇನೆ. ಹೆಸರು ಕಿವಿಗೆ ಬೀಳುವುದಿಲ್ಲ.

ಅದಕ್ಕೇ ಹೇಳುವುದು. ರಾತ್ರಿ ಆಫೀಸಿನಿಂದ ಬರುವಾಗ ಕ್ಯಾಬಿನ ನಂಬರು ಕಳಿಸು. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಬೇಡ. ಫೋನು ಚಾರ್ಜು ಇಟ್ಟುಕೋ. ಮತ್ತೆ ಮದುವೆ ವಿಷಯ. ಒಂದು ಸಿನಿಮಾದ ಮನೆ ಹಾಗಿತ್ತು ಅಂತ ಎಲ್ಲ ಮನೆಯೂ ಹಾಗೆ ಇರುವುದಿಲ್ಲ. ಎಲ್ಲ ಗಂಡಸರೂ ಒಲೆಯ ಮೇಲೆ ಬೇಯಿಸಿದ ಅನ್ನವೇ ಬೇಕು, ಕುಕ್ಕರಿನದು ಬೇಡ ಅನ್ನುವುದಿಲ್ಲ. ನಾನು ಯಾವತ್ತಾದರೂ ಅಂದಿದ್ದೇನಾ? ಹುಡುಗನನ್ನು ಒಮ್ಮೆ ನೋಡುವುದರಲ್ಲಿ ಏನು ಹೋಗುತ್ತದೆ, ಅವನೂ ಬೆಂಗಳೂರಿನಲ್ಲೇ ಇರುವವನು, ಅವನ ಅಮ್ಮ... ನೋಡು, ಮತ್ತೆ ಶುರು ಮಾಡಿದೆ. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ ಅಂತ ಬಿಟ್ಟಿದ್ದೇನೆ. ಓದಬೇಡ ಅಷ್ಟನ್ನು.

ಹೊರಡುವಾಗ ಬಾಗಿಲಲ್ಲಿ ನಿಂತು, ಈ ಹದಿನೈದು ದಿನದಲ್ಲಿ ಆಯಿ ಯಾವ ಸಿನಿಮಾದ ಕೊನೆ ನೋಡಿದ್ದಾಳೆ ಕೇಳು ಅಂದೆಯಲ್ಲ. ನಿನ್ನೆ ಸಂಜೆ ಕೇಳಿದೆ. ಅವಳು ಬೀನ್ಸು ಸೋಸುತ್ತಿದ್ದಳು. 'ತಿಥಿ'ಯ ದಿನ ಹಾಲಿಗೆ ಹೆಪ್ಪು ಹಾಕಲು ಎದ್ದಳಂತೆ. 'ಬಂಗಾರದ ಮನುಷ್ಯ'ನ ದಿನ ದೋಸೆಗೆ ರುಬ್ಬುವುದಿತ್ತು. ಆಮೇಲೆ ಬೀನ್ಸು ಬಿಟ್ಟು ನನ್ನ ಮುಖ ನೋಡಿ, "ಅನಂತನಾಗ್ ಸಿಕ್ಕಿದ್ನಾ ಕಡೆಗೆ?" ಅಂದಳು.

ನಾವು ಅದನ್ನು ನೋಡಿ ಒಂದು ವಾರ ಆಗಿತ್ತು ಕೂಸೇ. ಒಂದು ವಾರ ಆ ಮನುಷ್ಯ ಸಿಕ್ಕಿದನೋ ಇಲ್ಲವೋ ಗೊತ್ತಿಲ್ಲದೆ ಅವಳು ನಮಗೆ ದೋಸೆ ಹುಯ್ದು ಹಾಕಿದ್ದಾಳೆ. ನಾವಿಬ್ಬರೂ ತಿಂದಿದ್ದೇವೆ, ನೀನೂ ಸೇರಿ. ಅದನ್ನೂ ಬರೆದುಬಿಡುತ್ತೇನೆ.

ಸಿಕ್ಕಿದ ಅಂದೆ. ಎಲ್ಲಿ, ಹೇಗೆ ಅಂತ ಕೇಳಿದಳು, ಹೇಳಿದೆ. ರಾತ್ರಿ ನಾನೇ ಕಷಾಯ ಮಾಡಿದೆ. ಕಾಳುಮೆಣಸು ಜಾಸ್ತಿಯಾಗಿ ಅವಳು ಅರ್ಧ ಲೋಟ ಬಿಟ್ಟಳು. ಆಮೇಲೆ ನೀನು ಆಫ್ ಮಾಡಿದಲ್ಲಿಂದ ಆ ಮಲಯಾಳಿ ಸಿನಿಮಾ ಹಾಕಿದೆವು. ಸಬ್‌ಟೈಟಲ್ ಓದಲು ನನಗೆ ಆಗುವುದಿಲ್ಲ, ಆದರೆ ಅದರಲ್ಲಿ ಓದುವಂಥದ್ದೂ ಜಾಸ್ತಿ ಇಲ್ಲ. ಕೊನೆಗೆ ಆ ಹುಡುಗಿ ಸಿಂಕಿನ ಕೊಳೆನೀರನ್ನು ಇಬ್ಬರ ಮುಖಕ್ಕೂ ಎರಚಿ ಹೊರಟಾಗ ನಾನು ಆಯಿಯ ಕಡೆ ತಿರುಗಲಿಲ್ಲ. ಧೈರ್ಯ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಪೈಪು ಸೋರ್ತು ಅಂತ ಅಷ್ಟು ದಿನದಿಂದ ಹೇಳ್ತಾ ಇತ್ತು ಪಾಪ" ಅಂದಳು. ನಮ್ಮ ಬಚ್ಚಲಿನ ನಲ್ಲಿ ಮಳೆಗಾಲದಿಂದ ಸೋರುತ್ತಿದೆ. ನಾಳೆ ಪ್ಲಂಬರಿಗೆ ಫೋನು ಮಾಡುತ್ತೇನೆ.

ನೀನು ಹೊರಟ ದಿನ ಹಾಕಿದ್ದು ಬೂದು ಬಣ್ಣದ ಕುರ್ತಾ. ತೋಳಿನ ತುದಿಯಲ್ಲಿ ಬಿಳಿ ಹೂವಿನ ಕಸೂತಿ, ಎಡಗೈಯಲ್ಲಿ ಕಪ್ಪು ವಾಚು, ಕೂದಲು ಒದ್ದೆ ಇತ್ತು. ಆಯಿಯ ಹತ್ತಿರ ಕೇಳದೆ ಬರೆದಿದ್ದೇನೆ. ತಪ್ಪಿದ್ದರೆ ತಿಳಿಸು.

ಅಪ್ಪ

ತಾ.ಕ.: ಇವತ್ತು ಟಿವಿ ಪಾಸ್‌ವರ್ಡ್ ಕೇಳುತ್ತಿದೆ. ನನಗೆ ಬೇಡ, ಆಯಿಗೆ ಕಳಿಸಿದರೂ ಆಯಿತು. 'ಬಂಗಾರದ ಮನುಷ್ಯ' ಅವಳಿಗೆ ಅರ್ಧ ಬಾಕಿ ಇದೆ.