ಮಗುವಿನ ಕೈಗೆ ದೊಡ್ಡವರ ಪಿಟೀಲು ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಬಾಲಪ್ರತಿಭೆಗಳ ಫೋಟೊ ಬರುತ್ತಲೇ ಇರುತ್ತದೆ. ಸಂತೋಷ. ಆದರೆ ಕ್ಲಾಸಿಗೆ ಸೇರಿ, ಅತ್ತು, ಆರೇ ತಿಂಗಳಲ್ಲಿ ಬಿಟ್ಟುಬಿಡುವ ಮಕ್ಕಳ ಬಗ್ಗೆ ಯಾರೂ ಬರೆಯುವುದಿಲ್ಲ, ಅಂಥವರೇ ಜಾಸ್ತಿ ಅಲ್ವಾ?

ನನ್ನ ಮೊಮ್ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಏಳು ವರ್ಷ. ಮನೆಯಲ್ಲಿ ನನ್ನ ಮೈದುನ ನುಡಿಸುತ್ತಿದ್ದ ಒಳ್ಳೆಯ ವಾದ್ಯ ಇತ್ತು, ಅದನ್ನೇ ಒರೆಸಿ ಕೊಟ್ಟರು. ಕೆಲವು ತಿಂಗಳಾದರೂ ಮೊದಲ ಪಾಠವಾದ ಸರಳೆ ವರಸೆಯೇ ಕೂರಲಿಲ್ಲ. ಪಾಠದ ಮೇಷ್ಟ್ರು ಇನ್ನೂ ಸಾಧನೆ ಮಾಡಿಸಿ ಅಂದರು. ಅವಳಪ್ಪ, ಇವಳಿಗೆ ಸ್ವರಜ್ಞಾನ ಇಲ್ಲ, ಸುಮ್ನೆ ಡ್ರಾಯಿಂಗ್‌ಗೆ ಸೇರಿಸೋಣ ಅಂದ.

ಸ್ವರಜ್ಞಾನ ಇಲ್ಲದೆ ಏನು? ಬಾಯಲ್ಲಿ ಹಾಡು ಎಂದರೆ ಸರಿಯಾಗಿ ಹಾಡುತ್ತಾಳೆ. ಪಿಟೀಲಿನಲ್ಲಿ ಗಾಂಧಾರ, ಅಂದರೆ ಸರಿಗಮದ ಗ, ತಗ್ಗಿ ಬಂದ ಕೂಡಲೇ ಅವಳೇ ಮುಖ ಸಿಂಡರಿಸುತ್ತಾಳೆ. ಕಿವಿಗೆ ಗೊತ್ತಾಗುತ್ತಿದೆ, ಬೆರಳು ಮುಟ್ಟುತ್ತಿಲ್ಲ, ಅಷ್ಟೇ.

ಯಾಕೆ ಮುಟ್ಟುವುದಿಲ್ಲ ಅಂತ ಒಂದಿನ ಸ್ಕೇಲ್ ಹಿಡಿದು ಅಳೆದು ನೋಡಿದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಎಲ್ಲರಿಗೂ ಮೊದಲು ಹೇಳಿಕೊಡುವುದು ಮಾಯಾಮಾಳವಗೌಳ ರಾಗ. ಅದರಲ್ಲಿ ರಿಷಭ (ರಿ) ಷಡ್ಜಕ್ಕೆ (ಸ) ಅಂಟಿಕೊಂಡ ಹಾಗಿದೆ, ಗಾಂಧಾರ ಮಾತ್ರ ದೂರ. ದೊಡ್ಡವರ ಪಿಟೀಲಿನಲ್ಲಿ ಆ ರಿ-ಗ ನಡುವಿನ ಅಂತರ ಸುಮಾರು ನಾಲ್ಕೂವರೆ ಸೆಂಟಿಮೀಟರ್. ತೋರುಬೆರಳನ್ನು ರಿ ಮೇಲೆ ಇಟ್ಟು ನಡುಬೆರಳನ್ನು ಅಷ್ಟು ದೂರ ಚಾಚಬೇಕು. ಏಳು ವರ್ಷದ ಕೈಗೆ ಅದು ಆಗುವ ಮಾತಾ? ಇನ್ನೊಂದು ತಂತಿಗೆ ಹೋದರೆ ದ-ನಿ ನಡುವೆಯೂ ಅದೇ ಕಥೆ.

ಕೂರುವ ಭಂಗಿಯದು ಇನ್ನೊಂದು ಕಷ್ಟ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯ ಸುರುಳಿಯನ್ನು ಬಲಪಾದದ ಮೇಲೆ ಊರುತ್ತಾರೆ, ಇನ್ನೊಂದು ತುದಿ ಎದೆಗೆ ಆತುಕೊಳ್ಳುತ್ತದೆ. ಹಾಗೆ ಎರಡು ಕಡೆ ಆಸರೆ ಸಿಕ್ಕರೆ ಮಾತ್ರ ಎಡಗೈ ಹಗುರವಾಗಿ ಮೇಲೆ ಕೆಳಗೆ ಜಾರುತ್ತದೆ, ಸ್ವರವನ್ನು ತೂಗಿಸುವ ಗಮಕ ಬರುತ್ತದೆ. ವಾದ್ಯ ಉದ್ದವಾದರೆ ಮಗು ಕಾಲನ್ನು ಮುಂದೆ ಮುಂದೆ ಚಾಚುತ್ತದೆ, ಬೆನ್ನು ಬಾಗಿಸುತ್ತದೆ, ಕಡೆಗೆ ಬಿದ್ದುಹೋಗದಿರಲಿ ಅಂತ ಪಿಟೀಲಿನ ಕತ್ತನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಕೈ ಬಿಗಿ, ಕೈ ಬಿಗಿ ಅಂತ ಬೈಯುವವರೂ ನಾವೇ.

ಮಕ್ಕಳಿಗೆಂದೇ ಕಾಲು, ಅರ್ಧ, ಮುಕ್ಕಾಲು ಸೈಜಿನ ಪಿಟೀಲುಗಳಿವೆ. ಪೂರ್ತಿ ಸೈಜಿನದರ ಮೈ ಸುಮಾರು 14 ಇಂಚು, ಅರ್ಧ ಸೈಜಿನದು 12 ಇಂಚು ಚಿಲ್ಲರೆ. ನೋಡಲು ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ, ಬೆರಳಿಗೆ ಅನ್ನಿಸುತ್ತದೆ. ಪರಿಚಯದವರೊಬ್ಬರು ಅರ್ಧ ಸೈಜಿನದು ಕೊಟ್ಟ ಮೇಲೆ ನಮ್ಮ ಹುಡುಗಿ ಒಂದೇ ವಾರಕ್ಕೆ ವಿದುಷಿಯೇನೂ ಆಗಲಿಲ್ಲ, ಕಮಾನು ಇನ್ನೂ ಕರ್ರ್ ಅನ್ನುತ್ತದೆ, ಪಕ್ಕದ ಮನೆಯವರು ಇನ್ನೂ ಕಿಟಕಿ ಹಾಕಿಕೊಳ್ಳುತ್ತಾರೆ. ಆದರೆ ಗಾಂಧಾರ ಗಾಂಧಾರದ ಜಾಗದಲ್ಲಿ ಬೀಳುತ್ತಿದೆ, ಅಳು ನಿಂತಿದೆ.

ಅಪ್ಪ ಅಮ್ಮಂದಿರದ್ದೂ ತಪ್ಪು ಅನ್ನಲಾರೆ. ಬೆಳೆಯುವ ಮಗು ಅಂತ ಯೂನಿಫಾರಂ ಎರಡಿಂಚು ದೊಡ್ಡದೇ ಹೊಲಿಸುವ ಜನ ನಾವು, ಎರಡು ಮೂರು ವರ್ಷಕ್ಕೆ ಚಿಕ್ಕದಾಗುವ ವಾದ್ಯಕ್ಕೆ ದುಡ್ಡು ಸುರಿಯಲು ಯಾರಿಗೆ ಮನಸ್ಸು ಬರುತ್ತೆ? ಬಾಡಿಗೆಗೆ ಕೊಡ್ತೀರಾ ಅಂತ ಕೇಳಿದರೆ ನಾನು ವಿಚಾರಿಸಿದ ಅಂಗಡಿಗಳಲ್ಲಿ ನಕ್ಕರು. ಅಮೆರಿಕದಲ್ಲಿರುವ ನಮ್ಮ ನೆಂಟರ ಮಗನಿಗೆ ಅಲ್ಲಿ ಅಂಗಡಿಯವರೇ ತಿಂಗಳ ಬಾಡಿಗೆಗೆ ಕೊಡುತ್ತಾರೆ, ಹುಡುಗ ಬೆಳೆದ ಹಾಗೆ ದೊಡ್ಡದಕ್ಕೆ ಬದಲಾಯಿಸಿಕೊಡುತ್ತಾರೆ. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ತಿರುಮಕೂಡಲು ಇಲ್ಲೇ ನಮ್ಮ ಮೈಸೂರಿನ ಪಕ್ಕ. ಅವರ ಹೆಸರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದ್ದೇವೆ, ಮಗುವಿನ ಅಳತೆಯ ಪಿಟೀಲು ಬಾಡಿಗೆಗೆ ಕೊಡೋರಿಲ್ಲ!

ಸಂಗೀತ ಶಾಲೆಗಳು, ಸಭಾಗಳು ಮನಸ್ಸು ಮಾಡಿದರೆ ನಾಲ್ಕೈದು ಚಿಕ್ಕ ಪಿಟೀಲು ಇಟ್ಟುಕೊಂಡು ಠೇವಣಿ ತಗೊಂಡು ಕೊಡಬಹುದು. ಹೊಸದು ಕೊಳ್ಳುವುದೂ ಬೇಡ. ಮಕ್ಕಳು ದೊಡ್ಡವರಾಗಿ ಎಂಜಿನಿಯರಿಂಗ್ ಸೇರಿದ ಮನೆಗಳ ಅಟ್ಟದಲ್ಲಿ ಎಷ್ಟೋ ಬಿದ್ದಿವೆ. ಪಾಠಕ್ಕೆ ಸೇರಿಸಿಕೊಳ್ಳುವ ದಿನವೇ ಮಗುವನ್ನು ಕೂರಿಸಿ, ಬೆನ್ನು ಬಾಗದೆ ಸುರುಳಿ ಪಾದ ಮುಟ್ಟುತ್ತದೆಯೇ, ಬೆರಳು ಗಾಂಧಾರಕ್ಕೆ ಸಲೀಸಾಗಿ ಹೋಗುತ್ತದೆಯೇ ಅಂತ ಮೇಷ್ಟ್ರುಗಳು ನೋಡಲಿ. ಐದು ನಿಮಿಷದ ಕೆಲಸ.

ಅಟ್ಟದಲ್ಲಿ ಚಿಕ್ಕ ಪಿಟೀಲು ಇರುವವರು ದಯವಿಟ್ಟು ಇಳಿಸಿ, ಹತ್ತಿರದ ಸಂಗೀತ ಶಾಲೆಗೆ ಕೊಡಿ. ಕೊಡುವ ಮುಂಚೆ ಹೊಸ ತಂತಿ ಹಾಕಿಸಿ, ಕಮಾನಿನ ಕೂದಲು ಉದುರಿದೆಯಾ ನೋಡಿ. ತಂತಿ ಬಿಗಿಸುವ ಬಿರಡೆ ಸಡಿಲವಾಗಿದ್ದರೆ ಅದನ್ನೂ ಸರಿ ಮಾಡಿಸಿ, ಶ್ರುತಿ ನಿಲ್ಲದ ಪಿಟೀಲು ಯಾವ ಸೈಜಿನದಾದರೂ ಒಂದೇ.

– ಒಬ್ಬ ಅಜ್ಜಿ, ಮೈಸೂರು