ಸಂಶೋಧಕರು ಒಬ್ಬರಿಗೊಬ್ಬರು ಸಿಗುವಂತಾಗಲಿ

ಸಂಪಾದಕರೇ,

ಒಂದೇ ವಿಷಯದ ಮೇಲೆ ಕೆಲಸ ಮಾಡುವ ಇಬ್ಬರು ಸಂಶೋಧಕರು ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತೇ ಇಲ್ಲದೆ ವರ್ಷಗಟ್ಟಲೆ ದುಡಿಯುವುದು ಈಗಲೂ ನಡೆಯುತ್ತಿದೆ. ಬೇಸರವಾಗುತ್ತದೆ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲೇ ಆರ್ಕೈವ್ (arXiv) ಎಂಬ ಆನ್‌ಲೈನ್ ಪ್ರಬಂಧ ಸಂಗ್ರಹ ಶುರು ಮಾಡಿ, ಅಚ್ಚಾಗುವ ಮೊದಲೇ ಪ್ರಬಂಧಗಳು ಎಲ್ಲರ ಕೈಗೆ ಸಿಗುವಂತೆ ಮಾಡಿದರು. 2012ರಲ್ಲಿ ಬಂದ ಆರ್ಕಿಡ್ (ORCID) ಐಡಿ, ಅಂದರೆ ಪ್ರತಿ ಸಂಶೋಧಕರಿಗೂ ಸಿಗುವ ಅವರದ್ದೇ ಆದ ಗುರುತಿನ ಸಂಖ್ಯೆ, ನನಗೆ ಇನ್ನೂ ಜಾಸ್ತಿ ಇಷ್ಟ. ಸಂಶೋಧಕರಿಗೆ ಉಚಿತ. ಒಂದೇ ಹೆಸರಿನವರು ಹತ್ತು ಜನ ಇರಲಿ, ಮದುವೆಯಾಗಿ ಹೆಸರು ಬದಲಾಗಲಿ, ಕೆಲಸ ಬಿಟ್ಟು ಬೇರೆ ಕಡೆ ಹೋಗಲಿ, ಆ 16 ಸ್ಥಾನದ ಸಂಖ್ಯೆ ಮಾತ್ರ ಹಾಗೇ ಇರುತ್ತದೆ. ಪ್ರಬಂಧದಲ್ಲಿ ಬರೀ ಸಂಸ್ಥೆಯ ಇಮೇಲ್ ಕೊಟ್ಟವರು, ಆ ಸಂಸ್ಥೆ ಬಿಟ್ಟ ಮೇಲೆ ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ಪಿಎಚ್‌ಡಿಗೆ ಸೇರಿದ ವಾರದಲ್ಲೇ ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ಈ ಐಡಿ ಮಾಡಿಸಲಿ.